ಎಂಜಿನ್ ನಿಲ್ಲಿಸಿ ರಿಪೇರಿ ಮಾಡುವಾಗಲೂ ಬೋರ್‌ವೆಲ್ ಲಾರಿಯಲ್ಲಿ ಕೆಲಸಗಾರರಿಗೆ ಪೆಟ್ಟಾಗುವುದೇಕೆ?

ಎಂಜಿನ್ ನಿಂತರೂ ಒಳಗಿನ ಒತ್ತಡ ತಾನಾಗಿ ಇಳಿದಿರುವುದಿಲ್ಲ ಎಂಬುದೇ ಮುಖ್ಯ ಕಾರಣ. ಚಿಂತಾಮಣಿ, ಮುಳಬಾಗಿಲು, ಶಿರಾ ಕಡೆ ಗಟ್ಟಿ ಬಂಡೆಯನ್ನು ಸಾವಿರ ಅಡಿಗೂ ಮೀರಿ ಕೊರೆಯುವ ಲಾರಿಗಳ ಕಂಪ್ರೆಸರ್ ಸಾಮಾನ್ಯವಾಗಿ 300 ಪಿಎಸ್‌ಐ, ಅಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ಒಂಬತ್ತು ಪಟ್ಟು ಒತ್ತಡದ ಗಾಳಿಯನ್ನು ಕಳುಹಿಸುತ್ತದೆ. ವಾಲ್ವ್ ತೆರೆದು ಹೊರಬಿಡದಿದ್ದರೆ ಅದು ಟ್ಯಾಂಕು, ಹೋಸ್ ಪೈಪುಗಳಲ್ಲಿ ಉಳಿದಿರಬಹುದು. 2 ಇಂಚು ಒಳವ್ಯಾಸದ ಪೈಪಿನ ಬಾಯಿಯ ಮೇಲೆ ಆ ಒತ್ತಡ ಹಾಕುವ ಬಲ ಸುಮಾರು 425 ಕಿಲೋ ತೂಕಕ್ಕೆ ಸಮ.

ನೀರು ಎಷ್ಟು ಒತ್ತಿದರೂ ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಸ್ವಲ್ಪ ಸಂದಿ ಸಿಕ್ಕರೂ ಅದರ ಒತ್ತಡ ಇಳಿಯುತ್ತದೆ. ಗಾಳಿಯಾದರೋ ಸ್ಪ್ರಿಂಗಿನಂತೆ ಕುಗ್ಗಿ ಕುಳಿತಿದ್ದು, ಜೋಡಣೆ ಸಡಿಲಿಸಿದ ಕೂಡಲೇ ಹಿಗ್ಗುತ್ತಲೇ ಹೋಗಿ ಪೈಪನ್ನು ಚಾಟಿಯಂತೆ ಬೀಸುತ್ತದೆ. ತೈಲಬಾವಿಗಳಲ್ಲಿ ಕೊಳವೆಗಳ ತಾಳಿಕೆಯನ್ನು ಪರೀಕ್ಷಿಸಲು ಸಾಧ್ಯವಾದಷ್ಟೂ ಗಾಳಿಯ ಬದಲು ನೀರನ್ನೇ ಬಳಸುವುದು ಇದೇ ಕಾರಣಕ್ಕೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುನ್ನ ವಾಲ್ವನ್ನು ನಿಧಾನವಾಗಿ ತೆರೆದು ಗಾಳಿಯನ್ನು ಪೂರ್ತಿ ಖಾಲಿ ಮಾಡಬೇಕು. ಕೊಳೆ ಕಟ್ಟಿದ ಮೀಟರ್ ತಪ್ಪು ತೋರಿಸಬಹುದಾದ್ದರಿಂದ, ಮುಳ್ಳು ಸೊನ್ನೆಯಲ್ಲಿದೆ ಎಂದಷ್ಟೇ ನಂಬಬಾರದು. ಗಾಡಿಯ ಕೀಲಿ ರಿಪೇರಿ ಮಾಡುವವನ ಜೇಬಿನಲ್ಲೇ ಇರಲಿ; ನನ್ನ ದೃಷ್ಟಿಯಲ್ಲಿ ಇಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಗಾಳಿಯಷ್ಟೇ ಅಲ್ಲ, ಎಣ್ಣೆಯ ಒತ್ತಡವೂ ಅಪಾಯಕಾರಿ: ಹೈಡ್ರಾಲಿಕ್ ಪೈಪಿನ (ಯಂತ್ರದ ಭಾಗಗಳನ್ನು ಚಲಿಸಲು ಒತ್ತಡದ ಎಣ್ಣೆ ಹರಿಯುವ ಪೈಪು) ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮದೊಳಕ್ಕೆ ಹೊಕ್ಕರೆ, ಗಾಯ ಇರುವೆ ಕಚ್ಚಿದಷ್ಟೇ ಕಂಡರೂ, ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.