ಪ್ರಶ್ನೋತ್ತರ: ಕೊರಳಲ್ಲೊಂದು ಕಂದು ಸ್ಕ್ಯಾಪುಲರ್

ಕಾರ್ಮೆಲ್ ಮಾತೆ, ಅಂದರೆ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಕಥೋಲಿಕರು ಕೊರಳಲ್ಲಿ ಧರಿಸುವ ಕಂದು ಸ್ಕ್ಯಾಪುಲರ್ ಬಗ್ಗೆ ಓದುಗರು ಕೇಳಿದ್ದನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಲವರು ಕೇಳಿದ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದೆ.

ಪ್ರ: ಎರಡು ತುಂಡು ಬಟ್ಟೆ, ಎರಡು ದಾರ. ಇದಕ್ಕೂ ತಾಯತಕ್ಕೂ ಏನು ವ್ಯತ್ಯಾಸ?

ಉ: ತಾಯತ ಕಟ್ಟಿಕೊಂಡವರಿಂದ ಏನನ್ನೂ ಕೇಳುವುದಿಲ್ಲ. ಮೈಮೇಲಿದ್ದರೆ ಸಾಕು, ತನ್ನ ಪಾಡಿಗೆ ತಾನು ಕಾಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಸ್ಕ್ಯಾಪುಲರ್ ಹಾಗಲ್ಲ, ಅದೊಂದು ಉಡುಪು. ಸನ್ಯಾಸಿಗಳು ನಿಲುವಂಗಿಯ ಮೇಲೆ ಹೆಗಲಿನಿಂದ ಮುಂದಕ್ಕೂ ಹಿಂದಕ್ಕೂ ಇಳಿಬಿಡುವ ಅಗಲವಾದ ಬಟ್ಟೆಯಿದೆಯಲ್ಲ, ಅದೇ ಮೂಲ ಸ್ಕ್ಯಾಪುಲರ್. ಕಾರ್ಮೆಲ್ ಸಭೆ ಎಂಬ ಕಥೋಲಿಕ ಸನ್ಯಾಸಿಗಳ ಸಂಘದ ಆಧ್ಯಾತ್ಮಿಕ ಬದುಕಿನಲ್ಲಿ ಪಾಲು ಬೇಕೆಂದ ಗೃಹಸ್ಥರು ಅಷ್ಟುದ್ದದ ಬಟ್ಟೆ ಹಾಕಿಕೊಂಡು ಹೊಲಕ್ಕೋ ಅಂಗಡಿಗೋ ಹೋಗಲಾದೀತೆ? ಹಾಗಾಗಿ ಅದು ಕಿರಿದಾಗುತ್ತ ಬಂದು, ಅಂಗಿಯೊಳಗೆ ಅಡಗುವ ಎರಡು ತುಂಡುಗಳಾಯಿತು. ಅದನ್ನು ಧರಿಸುವುದೆಂದರೆ ಮಾತೆ ಮರಿಯಮ್ಮನವರ ಹೆಸರಿನ ಒಂದು ಕುಟುಂಬದ ಸಮವಸ್ತ್ರ ತೊಡುವುದು. ತೊಟ್ಟ ಮೇಲೆ ಆ ಕುಟುಂಬದವರ ಹಾಗೆ ಬದುಕಬೇಕಾಗುತ್ತದೆ: ಪ್ರಾರ್ಥನೆ, ಸಂಸ್ಕಾರಗಳು, ಪರರ ಸೇವೆ.

ಧರ್ಮಸಭೆಯ ಲೆಕ್ಕದಲ್ಲಿ ಇದು ಸಂಸ್ಕಾರವಲ್ಲ, ಉಪಸಂಸ್ಕಾರ. ದೀಕ್ಷಾಸ್ನಾನ, ಪರಮಪ್ರಸಾದದಂಥ ಸಂಸ್ಕಾರಗಳು ಕೃಪೆಯನ್ನು ಕೊಡುವ ಹಾಗೆ ಉಪಸಂಸ್ಕಾರ ಕೊಡುವುದಿಲ್ಲ. ಧರ್ಮಸಭೆಯ ಪ್ರಾರ್ಥನೆಯ ಬಲದಿಂದ ಕೃಪೆಯನ್ನು ಸ್ವೀಕರಿಸಲು ನಮ್ಮನ್ನು ಅಣಿಗೊಳಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1670ನೇ ಪರಿಚ್ಛೇದ ಹೇಳುತ್ತದೆ. ಇದು ಬಟ್ಟೆ ಎಂಬುದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ಬಹುಪಾಲು ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪ್ರ: ಯಾರೋ ಉಡುಗೊರೆಯಾಗಿ ಕೊಟ್ಟರು. ಹಾಗೇ ಹಾಕಿಕೊಳ್ಳಬಹುದೆ?

ಉ: ಹಾಕಿಕೊಂಡರೆ ತಪ್ಪೇನಿಲ್ಲ, ಆದರೆ ಅಷ್ಟಕ್ಕೇ ನೀವು ಕಾರ್ಮೆಲ್ ಕುಟುಂಬಕ್ಕೆ ಸೇರಿದಂತಾಗುವುದಿಲ್ಲ. ಮೊದಲ ಸಲ ಗುರುಗಳ ಕೈಯಿಂದ ವಿಧಿಪೂರ್ವಕವಾಗಿ ಧರಿಸಬೇಕು, ಇದನ್ನೇ ಧಾರಣೆ ಎನ್ನುವುದು. ಹಿಂದೆ ಈ ಅಧಿಕಾರ ಕಾರ್ಮೆಲ್ ಸಭೆಯ ಗುರುಗಳಿಗೆ ಮತ್ತು ಅವರಿಂದ ಅನುಮತಿ ಪಡೆದವರಿಗೆ ಮಾತ್ರ ಇತ್ತು. ಈಗ ನಿಮ್ಮ ಧರ್ಮಕೇಂದ್ರದ ಗುರುಗಳೇ ಮಾಡಬಹುದು.

ಈಗ ಬಳಕೆಯಲ್ಲಿರುವ ವಿಧಿಗೆ ರೋಮಿನ ದೈವಾರಾಧನಾ ಆಯೋಗ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ವಾಗತ, ಶುಭಸಂದೇಶದ ವಾಚನ, ಕೋರಿಕೆಗಳು, ಸ್ಕ್ಯಾಪುಲರಿನ ಮೇಲೆ ಆಶೀರ್ವಾದದ ಪ್ರಾರ್ಥನೆ, ಬಳಿಕ ಕೊರಳಿಗೆ ಹಾಕುವುದು, ಕೊನೆಗೆ ಆಶೀರ್ವಾದ. ಬಹಳ ಹೊತ್ತು ಹಿಡಿಯುವುದಿಲ್ಲ. ಪೂಜೆ ಮುಗಿದ ಕೂಡಲೇ ಗುರುಗಳನ್ನು ತಡೆದು "ಫಾದರ್, ಇದಕ್ಕೊಂದು ಶಿಲುಬೆ ಗುರುತು ಹಾಕಿಕೊಡಿ" ಎನ್ನುವವರೇ ಹೆಚ್ಚು. ಆಗ ಸಿಗುವುದು ಆಶೀರ್ವಾದ ಮಾತ್ರ, ಧಾರಣೆಯಲ್ಲ. "ನನಗೆ ಸ್ಕ್ಯಾಪುಲರ್ ಧಾರಣೆ ಮಾಡಿಸಬೇಕು" ಎಂದು ಬಿಡಿಸಿ ಹೇಳಿ, ಮುಂಚೆಯೇ ದಿನ ಕೇಳಿಕೊಳ್ಳಿ. ಮುಂಚಿನ ದಿನಗಳಲ್ಲಿ ಪಾಪನಿವೇದನೆ ಮಾಡಿಕೊಂಡಿದ್ದರೆ ಒಳ್ಳೆಯದು. ಜುಲೈ 16, ಕಾರ್ಮೆಲ್ ಮಾತೆಯ ಹಬ್ಬ, ಇದಕ್ಕೆ ಒಪ್ಪುವ ದಿನ. ಆದರೆ ಆ ದಿನವೇ ಆಗಬೇಕೆಂದಿಲ್ಲ.

ಧಾರಣೆ ಬದುಕಿಗೆ ಒಂದೇ ಸಲ.

ಪ್ರ: ನಾನೇ ಹೊಲಿಯಬೇಕೆಂದಿದ್ದೇನೆ. ಅಳತೆ, ಬಟ್ಟೆ, ದಾರ ಹೇಗಿರಬೇಕು?

ಉ: ಬಟ್ಟೆಯ ವಿಷಯದಲ್ಲಿ ಪರಂಪರೆ ಖಚಿತವಾಗಿದೆ: ನೇಯ್ದ ಉಣ್ಣೆ, ಆಯತಾಕಾರ, ಕಂದು ಬಣ್ಣ, ಕಪ್ಪೂ ನಡೆಯುತ್ತದೆ. ಕಡ್ಡಿಯಲ್ಲಿ ಹೆಣೆದ ಉಣ್ಣೆಯನ್ನೂ ಕಸೂತಿಯಿಂದಲೇ ತುಂಬಿದ ತುಂಡನ್ನೂ ಹಳೆಯ ನಿಯಮಗಳು ಒಪ್ಪುತ್ತಿರಲಿಲ್ಲ. ಫೆಲ್ಟ್ ನೇಯ್ದದ್ದಲ್ಲ, ಒತ್ತಿ ಮಾಡಿದ್ದು. ಅದರಲ್ಲಿ ಹೆಚ್ಚಿನದು ಉಣ್ಣೆಯೂ ಅಲ್ಲ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಉರಿಗೆ ತೋರಿಸಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಉಳಿದ ಕರಿಕು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಳತೆಗೆ ಕಟ್ಟುನಿಟ್ಟಿಲ್ಲ. ಅಂಗಿಯೊಳಗೆ ಧರಿಸಲು 4 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದ ಹಿತವಾಗಿರುತ್ತದೆ. ಉಣ್ಣೆಯ ಅಂಚು ಬಿಚ್ಚಿಕೊಳ್ಳುವುದರಿಂದ ಸುತ್ತಲೂ ಅರ್ಧ ಸೆಂ.ಮೀ. ಹೆಚ್ಚು ಕತ್ತರಿಸಿ ಒಳಕ್ಕೆ ಮಡಚಿ ಹೊಲಿಯಿರಿ. ಚಿತ್ರ ಇರಲೇಬೇಕೆಂದಿಲ್ಲ. ಬೇಕೆನಿಸಿದರೆ ಪುಟ್ಟ ಬಟ್ಟೆಯ ಚಿತ್ರ ಅಂಟಿಸದೆ ಹೊಲಿಯಿರಿ, ಅಂಟು ಬೆವರಿಗೆ ಬಿಡುತ್ತದೆ. ಚಿತ್ರವೇ ಉಣ್ಣೆಯನ್ನು ಪೂರ್ತಿ ಮುಚ್ಚಿಬಿಡಬಾರದು. ಸ್ಕ್ಯಾಪುಲರ್ ಎನ್ನುವುದು ಉಣ್ಣೆಗೆ, ಮೇಲಿನ ಅಲಂಕಾರಕ್ಕಲ್ಲ.

ದಾರದ ಬಣ್ಣ, ಬಗೆ ನಿಮ್ಮ ಇಷ್ಟ. ಹತ್ತಿಯ ಹೆಣೆದ ದಾರ ಚರ್ಮಕ್ಕೆ ಮೆತ್ತಗೆ. ನೈಲಾನ್ ಬಾಳುತ್ತದೆ, ಆದರೆ ಬೆವರಿದಾಗ ಕೊಯ್ಯುತ್ತದೆ. ಎರಡು ದಾರ ಬೇಕು, ಒಂದೊಂದು ಹೆಗಲ ಮೇಲೆ ಒಂದೊಂದು. ಅಳೆಯಲು ಒಬ್ಬರ ನೆರವು ಪಡೆಯಿರಿ: ಮುಂದಿನ ತುಂಡು ಎದೆಯ ನಡುವೆ, ಹಿಂದಿನದು ಬೆನ್ನಿನ ಹಲಗೆಗಳ ನಡುವೆ ನಿಲ್ಲುವಷ್ಟು. ವಯಸ್ಕರಿಗೆ ಸಾಮಾನ್ಯವಾಗಿ ಒಂದೊಂದು ದಾರ 40ರಿಂದ 50 ಸೆಂ.ಮೀ. ಆದೀತು, ತಲೆ ತೂರುತ್ತದೆಯೇ ನೋಡಿ ಆಮೇಲೆ ಕತ್ತರಿಸಿ. ಬೇಗ ಹಾಳಾಗುವ ಜಾಗ ಒಂದೇ, ದಾರ ಬಟ್ಟೆಗೆ ಸೇರುವ ಮೂಲೆ. ಅಲ್ಲಿ ಬರೀ ತುದಿಯನ್ನು ನಾಲ್ಕು ಹೊಲಿಗೆಯಲ್ಲಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕಿತ್ತು ಬರುತ್ತದೆ. ದಾರವನ್ನು ಪಕ್ಕದ ಅಂಚಿನುದ್ದಕ್ಕೂ ಮಡಿಕೆಯೊಳಗೆ ಇಳಿಸಿ, ಮೇಲಿಂದ ಕೆಳಗಿನವರೆಗೆ ಹೊಲಿದರೆ ಎಳೆತ ಹಂಚಿಹೋಗುತ್ತದೆ.

ಪ್ರ: ಬೆಳಿಗ್ಗೆ ಏಳುವಾಗ ಎರಡು ತುಂಡುಗಳೂ ಎದೆಯ ಮೇಲೇ ಇರುತ್ತವೆ. ಧಾರಣೆ ಮುರಿದುಹೋಯಿತೆ?

ಉ: ಇಲ್ಲ. ಎದ್ದು ಸರಿಮಾಡಿಕೊಳ್ಳಿ. ಒಂದು ಎದೆಗೆ, ಒಂದು ಬೆನ್ನಿಗೆ ಎಂಬುದು ನಿಜವಾದ ನಿಯಮವೇ. ಎರಡನ್ನೂ ಬೇಕೆಂದೇ ಒಂದೇ ಕಡೆ ನೇತುಬಿಡುವುದು, ಮಣಿಕಟ್ಟಿಗೆ ಸುತ್ತಿಕೊಳ್ಳುವುದು, ಜೇಬಿನಲ್ಲಿಡುವುದು ಧರಿಸಿದಂತೆ ಆಗದು. ನಿದ್ದೆಯಲ್ಲಿ ಜಾರಿದ್ದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ. ಪದೇ ಪದೇ ಜಾರುತ್ತಿದ್ದರೆ ದಾರ ಉದ್ದವಾಗಿದೆ ಎಂದರ್ಥ. ಹೆಗಲ ಬಳಿ ಎರಡು ಕಡೆಯೂ ಸಮನಾಗಿ ಗಂಟು ಹಾಕಿ ಗಿಡ್ಡ ಮಾಡಿ. ಹಿಂದಿನ ತುಂಡನ್ನು ಒಳಅಂಗಿಗೆ ಪುಟ್ಟ ಪಿನ್ನಿನಿಂದ ಸಿಕ್ಕಿಸಿಕೊಳ್ಳುವುದೂ ಉಂಟು. ಅಂಗಿಯ ಒಳಗೋ ಹೊರಗೋ ಎಂಬುದು ನಿಮಗೆ ಬಿಟ್ಟದ್ದು, ಚರ್ಮಕ್ಕೆ ತಾಗಲೇಬೇಕೆಂಬ ನಿಯಮವಿಲ್ಲ.

ಪ್ರ: ಸ್ನಾನಕ್ಕೆ ತೆಗೆಯಬಹುದೆ? ಒಗೆಯಬಹುದೆ? ಉಣ್ಣೆ ತಾಗಿ ಕೊರಳು ಕೆರೆಯುತ್ತದೆ.

ಉ: ತೆಗೆಯಬಹುದು. ಸ್ನಾನ, ಈಜು, ಶಸ್ತ್ರಚಿಕಿತ್ಸೆ, ಯಂತ್ರದ ಹತ್ತಿರದ ಕೆಲಸ ಇವಕ್ಕೆಲ್ಲ ತೆಗೆದಿಟ್ಟು ಮತ್ತೆ ಹಾಕಿಕೊಳ್ಳಿ. ತಿರುಗುವ ಯಂತ್ರದ ಬಳಿ ಸಡಿಲ ದಾರ ಕೊರಳಲ್ಲಿ ಇಟ್ಟುಕೊಳ್ಳುವುದು ಭಕ್ತಿಯಲ್ಲ, ಅಪಾಯ. ಒಗೆಯುವುದಾದರೆ ತಣ್ಣೀರು, ಸೌಮ್ಯ ಸೋಪು. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ದಪ್ಪಗಟ್ಟುತ್ತದೆ. ಹಿಂಡದೆ, ಒಣ ಬಟ್ಟೆಯ ನಡುವೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ಮೊದಲ ಒಗೆತದಲ್ಲಿ ಕಂದು ಬಣ್ಣ ಬಿಡುವ ಸಂಭವವಿದೆ, ಬಿಳಿ ಬಟ್ಟೆಯೊಂದಿಗೆ ಹಾಕಬೇಡಿ.

ಕೆರೆತಕ್ಕೆ ಒಳ್ಳೆಯ ಉಪಾಯ, ಉಣ್ಣೆಯ ಒಳಮೈಗೆ ತೆಳುವಾದ ಹತ್ತಿಯ ಅಸ್ತರು ಹೊಲಿಯುವುದು. ಕೆಲವರು ಪ್ಲಾಸ್ಟಿಕ್ ಚೀಲದೊಳಗೆ ಹಾಕುತ್ತಾರೆ. ಬೆವರು ಅದರಡಿ ನಿಂತು ಚರ್ಮ ಇನ್ನಷ್ಟು ಕೆಡುತ್ತದೆ, ಒಳಗಿನ ಉಣ್ಣೆಯೂ ಮುಗ್ಗುತ್ತದೆ.

ಪ್ರ: ಹಳೆಯದು ಹರಿದುಹೋಗಿದೆ. ಹೊಸದನ್ನು ಮತ್ತೆ ಆಶೀರ್ವದಿಸಿಕೊಳ್ಳಬೇಕೆ? ಹಳೆಯದನ್ನೇನು ಮಾಡಲಿ?

ಉ: ಧಾರಣೆ ನಿಮ್ಮದು, ಬಟ್ಟೆಯದ್ದಲ್ಲ. ಹಾಗಾಗಿ ಹೊಸದನ್ನು ನೀವೇ ಕೊರಳಿಗೆ ಹಾಕಿಕೊಂಡರಾಯಿತು. ಪರಂಪರೆಯ ನಿಯಮದಂತೆ ಆಶೀರ್ವಾದ ಬೇಕಿರುವುದು ಮೊದಲ ಸ್ಕ್ಯಾಪುಲರಿಗೆ. ಮಾಡಿಸಿಕೊಂಡರೆ ನಷ್ಟವೂ ಇಲ್ಲ. ಹಳೆಯದನ್ನು ಕಸಕ್ಕೆ ಎಸೆಯಬೇಡಿ. ಆಶೀರ್ವದಿಸಿದ ವಸ್ತು ಖಾಸಗಿಯವರದ್ದಾದರೂ ಗೌರವದಿಂದ ನಡೆಸಿಕೊಳ್ಳಬೇಕೆಂದು ಧರ್ಮಸಭೆಯ ಕಾನೂನಿನ 1171ನೇ ವಿಧಿ ಹೇಳುತ್ತದೆ. ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿ, ಇಲ್ಲವೇ ಯಾರೂ ತುಳಿಯದ ಕಡೆ ಹೂಳಿ.

ಪ್ರ: ಬಟ್ಟೆಯ ಬದಲು ಪದಕ ಹಾಕಿಕೊಂಡರೆ?

ಉ: ಹತ್ತನೇ ಭಕ್ತಿನಾಥ, ಅಂದರೆ ಪೋಪ್ ಹತ್ತನೇ ಪಿಯುಸ್, 1910ರಲ್ಲಿ ಇದಕ್ಕೆ ಅನುಮತಿ ಕೊಟ್ಟರು. ಷರತ್ತುಗಳು ಮೂರು. ಮೊದಲ ಧಾರಣೆ ಬಟ್ಟೆಯಲ್ಲೇ ಆಗಿರಬೇಕು. ಪದಕದ ಒಂದು ಬದಿಯಲ್ಲಿ ತಮ್ಮ ಪವಿತ್ರ ಹೃದಯವನ್ನು ತೋರುವ ಯೇಸು, ಇನ್ನೊಂದು ಬದಿಯಲ್ಲಿ ಮಾತೆ ಮರಿಯಮ್ಮ ಇರಬೇಕು. ಪದಕಕ್ಕೆ ಗುರುಗಳ ಆಶೀರ್ವಾದ ಆಗಿರಬೇಕು. ಪದಕ ಬದಲಿಸಿದಾಗಲೆಲ್ಲ ಇದು ಮತ್ತೆ ಆಗಬೇಕು, ಬಟ್ಟೆಗಿರುವ ಸಡಿಲಿಕೆ ಪದಕಕ್ಕಿಲ್ಲ. ಮರಿಯಮ್ಮನವರ "ಅದ್ಭುತ ಪದಕ" (ಮಿರಾಕ್ಯುಲಸ್ ಮೆಡಲ್) ಬೇರೆಯದೇ ಭಕ್ತಿ, ಅದು ಸ್ಕ್ಯಾಪುಲರಿನ ಬದಲಿಯಾಗದು. ನಮ್ಮ ಅಭಿಪ್ರಾಯ ಕೇಳಿದರೆ, ಚರ್ಮರೋಗ, ಕೆಲಸದ ತೊಡಕು ಇಲ್ಲದವರಿಗೆ ಬಟ್ಟೆಯೇ ಮೇಲು. ಉಡುಪು ಎಂಬ ಅರ್ಥ ಲೋಹದಲ್ಲಿ ಅಷ್ಟು ನಿಲ್ಲುವುದಿಲ್ಲ.

ಪ್ರ: "ಇದನ್ನು ಧರಿಸಿ ಸತ್ತವರು ನರಕಕ್ಕೆ ಹೋಗುವುದಿಲ್ಲ, ಮುಂದಿನ ಶನಿವಾರವೇ ಮಾತೆ ಬಂದು ಬಿಡಿಸುತ್ತಾರೆ" ಎನ್ನುತ್ತಾರೆ. ಧರ್ಮಸಭೆ ಹೀಗೆ ಕಲಿಸುತ್ತದೆಯೆ?

ಉ: ಇಲ್ಲಿ ಎರಡು ಮಾತು ಬೆರೆತಿವೆ. ಮೊದಲನೆಯದು ಕಾರ್ಮೆಲ್ ಸಭೆಯ ಸಂತ ಸೈಮನ್ ಸ್ಟಾಕ್ ಅವರ ದರ್ಶನದ್ದು. 1251ರ ಜುಲೈ 16ರಂದು ಮಾತೆ ಕಾಣಿಸಿಕೊಂಡು ಸ್ಕ್ಯಾಪುಲರ್ ಕೊಟ್ಟು, ಇದನ್ನು ಧರಿಸಿ ಸಾಯುವವರು ನಿತ್ಯಾಗ್ನಿಗೆ ಬೀಳರು ಎಂದರೆಂಬುದು ಪರಂಪರೆ. ಇದನ್ನು ಹೇಳುವ ಬರಹಗಳು ಸಿಗುವುದು ನೂರಕ್ಕೂ ಹೆಚ್ಚು ವರ್ಷಗಳ ನಂತರ, ಹಾಗಾಗಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಧರ್ಮಸಭೆ ಈ ಭಕ್ತಿಯನ್ನು ಒಪ್ಪಿರುವುದು ಆ ದರ್ಶನದ ದಾಖಲೆಯನ್ನು ನೆಚ್ಚಿಕೊಂಡಲ್ಲ. ಮಾತಿನ ಅರ್ಥವೂ ಸ್ಪಷ್ಟ: ಮಾತೆಯ ಉಡುಪನ್ನು ಮನಸಾರೆ ತೊಟ್ಟು ಕೊನೆಯವರೆಗೆ ಅದಕ್ಕೆ ತಕ್ಕಂತೆ ಬದುಕಿದವರ ಪರ ಆಕೆ ಬೇಡುತ್ತಾರೆ. ಬಟ್ಟೆ ಇದೆಯಲ್ಲ ಎಂಬ ಧೈರ್ಯದ ಮೇಲೆ ಪಾಪ ಮಾಡುವುದು ಮತ್ತೊಂದು ಪಾಪ.

ಎರಡನೆಯದು "ಶನಿವಾರದ ವರ": ಶುದ್ಧೀಕರಣ ಸ್ಥಳದಿಂದ, ಅಂದರೆ ಸತ್ತವರ ಆತ್ಮಗಳು ಸ್ವರ್ಗ ಸೇರುವ ಮುನ್ನ ಶುದ್ಧಿಯಾಗುವ ಕಡೆಯಿಂದ, ಶನಿವಾರ ಬಿಡುಗಡೆ ಎಂಬ ಮಾತು. ಪೋಪ್ 22ನೇ ಜಾನ್ 1322ರಲ್ಲಿ ಹೊರಡಿಸಿದರೆನ್ನಲಾದ ಆಜ್ಞಾಪತ್ರ ಇದರ ಆಧಾರ, ಆದರೆ ಆ ಪತ್ರ ಅಸಲಿಯಲ್ಲ. 1613ರಲ್ಲಿ ರೋಮ್ ಒಂದು ತೀರ್ಪು ಕೊಟ್ಟಿತು: ಕೃಪೆಯಲ್ಲಿ ತೀರಿಕೊಂಡ, ಬದುಕಿನಲ್ಲಿ ಸ್ಕ್ಯಾಪುಲರ್ ಧರಿಸಿ ತಮ್ಮ ಸ್ಥಿತಿಗೆ ತಕ್ಕ ಪರಿಶುದ್ಧತೆ ಕಾಯ್ದು ಪ್ರಾರ್ಥನೆ ಮಾಡಿದವರಿಗೆ, ವಿಶೇಷವಾಗಿ ಶನಿವಾರದಂದು ಮಾತೆ ನೆರವಾಗುತ್ತಾರೆಂದು ಭಕ್ತಿಯಿಂದ ನಂಬಬಹುದು; ಮಾತೆಯೇ ಶುದ್ಧೀಕರಣ ಸ್ಥಳಕ್ಕಿಳಿದು ಬರುವ ಚಿತ್ರ ಬರೆಯಬಾರದು. ಇಂದು ಕಾರ್ಮೆಲ್ ಸಭೆಯವರೇ ಈ ವರವನ್ನು ಪ್ರಚಾರ ಮಾಡುವುದಿಲ್ಲ. ಚೀಟಿಯಲ್ಲಿ ಇದನ್ನು ಖಾತರಿಯೆಂದು ಅಚ್ಚುಹಾಕಿ ಹಂಚುವವರು ಕಂಡರೆ ವಿನಯದಿಂದ ತಿದ್ದಿ.

ಪ್ರ: ದಿನಾ ಯಾವ ಪ್ರಾರ್ಥನೆ ಹೇಳಬೇಕು?

ಉ: ಬರೀ ಧಾರಣೆಗೆ ಕಟ್ಟುಪಾಡಿನ ಪ್ರಾರ್ಥನೆ ಇಲ್ಲ, ಬಿಟ್ಟರೆ ಪಾಪವೂ ಅಲ್ಲ. ಜಪಮಾಲೆ ಹೇಳುವವರಿದ್ದಾರೆ, ಮೂರು ನಮೋ ಮರಿಯ ಹೇಳುವವರಿದ್ದಾರೆ. ಚಿಕ್ಕದನ್ನು ಹಿಡಿದು ತಪ್ಪದೆ ನಡೆಸಿ.

ಪ್ರ: ಹಸಿರು ಸ್ಕ್ಯಾಪುಲರಿಗೂ ಧಾರಣೆ ಬೇಕೆ?

ಉ: ಬೇಡ. ಅದು ಒಂದೇ ದಾರಕ್ಕೆ ಒಂದೇ ತುಂಡು, ಯಾವ ಸಭೆಯ ಉಡುಪೂ ಅಲ್ಲ. 1840ರಲ್ಲಿ ಫ್ರಾನ್ಸಿನ ಧರ್ಮಭಗಿನಿ ಜಸ್ಟಿನ್ ಬಿಸ್ಕೆಬುರು ಅವರ ದರ್ಶನಗಳಿಂದ ಬಂದ ಭಕ್ತಿ. ಗುರುಗಳ ಆಶೀರ್ವಾದ ಸಾಕು. ಯೇಸುವಿನ ಪಾಡಿನ (ಯಾತನೆಯ) ನೆನಪಿನ ಕೆಂಪು ಸ್ಕ್ಯಾಪುಲರ್ ಮಾತ್ರ ಬೇರೆ: ಅದರ ದಾರವೂ ಕೆಂಪು ಉಣ್ಣೆಯದೇ ಆಗಿರಬೇಕು, ಬೇರೆ ಬೇರೆ ಬಗೆಯ ಐದು ಸ್ಕ್ಯಾಪುಲರುಗಳನ್ನು ಒಟ್ಟಿಗೆ ಹೊಲಿದು ಧರಿಸುವಾಗಲೂ ಇದೇ ನಿಯಮ.

ಪ್ರ: ಎಳೆಯ ಮಗುವಿಗೆ ಹಾಕಿಸಬಹುದೆ?

ಉ: ದೀಕ್ಷಾಸ್ನಾನವಾದ ಮಗುವಿಗೆ ಧಾರಣೆ ಮಾಡಿಸಬಹುದು, ವಯಸ್ಸಿನ ತಡೆಯಿಲ್ಲ. ಆದರೆ ವಿಧಿ ಮುಗಿದ ಮೇಲೆ ಕೊರಳಿನಿಂದ ತೆಗೆದಿಡಿ. ಶಿಶುವಿನ ಕೊರಳಲ್ಲಿ ಯಾವ ದಾರವೂ, ಅದರಲ್ಲೂ ಮಲಗಿರುವಾಗ, ಉಸಿರುಗಟ್ಟಿಸಬಲ್ಲದು. ತಾನೇ ಹಾಕಿ ತೆಗೆಯುವ ವಯಸ್ಸು ಬಂದಾಗ ಕೊಟ್ಟರೆ ಮತ್ತೆ ವಿಧಿ ಬೇಕಿಲ್ಲ.

ಪ್ರ: ಬೇಸರವೋ ಉದಾಸೀನವೋ, ಧರಿಸುವುದನ್ನು ಬಿಟ್ಟು ವರ್ಷಗಳಾದವು. ಮೊದಲಿನಿಂದ ಶುರುಮಾಡಬೇಕೆ?

ಉ: ಬೇಡ. ಬಿಟ್ಟಿದ್ದಷ್ಟು ದಿನ ಅದರ ಆಧ್ಯಾತ್ಮಿಕ ಲಾಭಗಳು ಇಲ್ಲ, ಅಷ್ಟೇ. ತಿರಸ್ಕಾರದಿಂದ ಕಿತ್ತೆಸೆದಿದ್ದರೆ ಗುರುಗಳ ಬಳಿ ಮಾತನಾಡಿ, ಧಾರಣೆ ಮತ್ತೆ ಬೇಕಾದೀತು. ಉಳಿದವರು ಪೆಟ್ಟಿಗೆಯಲ್ಲಿರುವುದನ್ನು ತೆಗೆದು, ದಾರದ ಹೊಲಿಗೆ ಗಟ್ಟಿಯಿದೆಯೇ ನೋಡಿ ಹಾಕಿಕೊಳ್ಳಿ.