ವಿಡಿಯೋ ನೋಡ್ವಾಗ ಎಲ್ಲಾ ಅರ್ಥ ಆಗುತ್ತೆ, ಲೆಕ್ಕಕ್ಕೆ ಕೂತ್ರೆ ಒಂದೂ ಬರಲ್ಲ

ಪ್ರಶ್ನೆ: ಸರ್, ನಾನು ಫಸ್ಟ್ ಪಿಯುಸಿ ಸೈನ್ಸ್ ಓದ್ತಿದೀನಿ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ನಮ್ಮೂರಲ್ಲಿ ಟ್ಯೂಶನ್ ಇಲ್ಲ, ಸಿಟಿಗೆ ಹೋಗಿ ಸೇರೋಷ್ಟು ದುಡ್ಡೂ ಇಲ್ಲ, ಅದಕ್ಕೆ ಫೋನಲ್ಲೇ ಫಿಸಿಕ್ಸ್, ಮ್ಯಾಥ್ಸ್ ವಿಡಿಯೋ ನೋಡ್ತೀನಿ. ನೋಡ್ವಾಗ ಎಲ್ಲಾ ಅರ್ಥ ಆಗುತ್ತೆ, ಆಮೇಲೆ ಪುಸ್ತಕದ ಲೆಕ್ಕ ಮಾಡೋಕೆ ಕೂತ್ರೆ ಕೈ ಓಡಲ್ಲ. ನನ್ನ ತಲೆಗೆ ಇದು ಹತ್ತಲ್ವೇನೋ ಅಂತ ಭಯ ಆಗುತ್ತೆ, ಆರ್ಟ್ಸಿಗೆ ಹೋಗ್ಬಿಡ್ಲಾ?

ಉತ್ತರ: ನೋಡಮ್ಮ, ನಿನಗೆ ಆರ್ಟ್ಸ್ ಇಷ್ಟ ಇದ್ರೆ ಹೋಗು, ಅದು ಬೇರೆ ಮಾತು. ಆದ್ರೆ ಲೆಕ್ಕ ಬರಲ್ಲ ಅನ್ನೋ ಭಯಕ್ಕೆ ಹೋಗ್ಬೇಡ. ನೀನು ಹೇಳ್ತಿರೋ ತೊಂದ್ರೆ ತಲೆಯದ್ದಲ್ಲ, ಓದೋ ರೀತಿದು. ವಿಡಿಯೋದಲ್ಲಿ ಯಾವ ಫಾರ್ಮುಲಾ ಹಿಡೀಬೇಕು, ಯಾವ ದಿಕ್ಕನ್ನ ಪ್ಲಸ್ ಅಂತ ತಗೋಬೇಕು, ಮುಂದಿನ ಸಾಲು ಏನು, ಇದನ್ನೆಲ್ಲ ಪಾಠ ಮಾಡೋರೇ ನಿರ್ಧಾರ ಮಾಡಿರ್ತಾರೆ, ನೀನು ಹೌದು ಹೌದು ಅಂತ ತಲೆ ಆಡಿಸ್ತಾ ಹೋಗಿರ್ತೀಯ ಅಷ್ಟೇ. ಪುಸ್ತಕದ ಲೆಕ್ಕ ಕೇಳೋದು ಆ ನಿರ್ಧಾರಗಳನ್ನೇ.

ಅದಕ್ಕೆ ಇವತ್ತಿಂದ ಹೀಗೆ ಮಾಡು. ವಿಡಿಯೋದಲ್ಲಿ ಲೆಕ್ಕ ಓದಿ ಹೇಳಿದ ತಕ್ಷಣ ವಿಡಿಯೋ ನಿಲ್ಲಿಸು, ನಿನ್ನ ನೋಟ್ಸಲ್ಲಿ ನಿನಗೆ ತೋಚಿದ ಮೊದಲನೇ ಸಾಲು ಬರಿ, ತಪ್ಪಿದ್ರೂ ಪರವಾಗಿಲ್ಲ, ಆಮೇಲೆ ಪ್ಲೇ ಮಾಡಿ ಅವರ ಸಾಲು ನೋಡು. ಎರಡೂ ಎಲ್ಲಿ ಬೇರೆ ಆಯ್ತೋ ಅಲ್ಲಿ ಪೆನ್ಸಿಲಲ್ಲಿ ಗುರುತು ಹಾಕು. ಇಡೀ ಚಾಪ್ಟರ್ ಅರ್ಥ ಆಗಿಲ್ಲ ಅಂತ ಅಳೋ ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ನೋಡಿದ್ರೆ ಸಿಕ್ಕಾಕೊಂಡಿರೋದು ಬಹಳ ಸಲ ಒಂದೇ ಒಂದು ಸಾಲಲ್ಲಿ, ಆ ಸಾಲು ಯಾವುದು ಅಂತ ಗೊತ್ತಾಗೋದೇ ಅರ್ಧ ಕೆಲಸ.

ಇನ್ನೊಂದು ವಿಷಯ ಇದೆ, ಇದು ಖಂಡಿತ ನಿನ್ನ ತಪ್ಪಲ್ಲ. ನಮ್ಮ ಪಿಯು ಸೈನ್ಸಿಗೆ ಇರೋದು ಎನ್‌ಸಿಇಆರ್‌ಟಿ ಸಿಲಬಸ್. ಅದರಲ್ಲಿ ಫಸ್ಟ್ ಪಿಯು ಫಿಸಿಕ್ಸಲ್ಲಿ ಚಲನೆ ಪಾಠ ಶುರುವಾದ ಕೂಡ್ಲೇ ಡೆರಿವೇಟಿವ್, ಅಂದ್ರೆ ಒಂದು ಕ್ಷಣದಲ್ಲಿ ಎಷ್ಟು ಬೇಗ ಬದಲಾಗ್ತಿದೆ ಅನ್ನೋ ಲೆಕ್ಕ, ಬಂದ್ಬಿಡುತ್ತೆ, ಆದ್ರೆ ಮ್ಯಾಥ್ಸ್ ಪುಸ್ತಕದಲ್ಲಿ ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್ ಇರೋದು ಕೊನೆ ಕಡೆ. ವೆಕ್ಟರ್, ಅಂದ್ರೆ ಅಳತೆ ಜೊತೆ ದಿಕ್ಕೂ ಇರೋದು, ಅದಂತೂ ಫಿಸಿಕ್ಸಿಗೆ ಈ ವರ್ಷವೇ ಬೇಕು, ಮ್ಯಾಥ್ಸಲ್ಲಿ ಬರೋದು ಸೆಕೆಂಡ್ ಪಿಯುಗೆ. ಸಿಟಿ ಕೋಚಿಂಗಲ್ಲಿರೋ ಮಕ್ಕಳಿಗೆ ಇದನ್ನ ಎಷ್ಟೋ ಸಲ ಮೊದಲೇ ಹೇಳ್ಕೊಟ್ಟಿರ್ತಾರೆ, ನಿನಗೆ ಯಾರೂ ಹೇಳಿಲ್ಲ. ಹಾಗಾಗಿ ಎರಡು ವಾರ ಫಿಸಿಕ್ಸ್ ವಿಡಿಯೋ ಪಕ್ಕಕ್ಕಿಟ್ಟು ತ್ರಿಕೋನಮಿತಿ, ಗ್ರಾಫಿನ ಇಳಿಜಾರು, ಸಿಂಪಲ್ ಡೆರಿವೇಟಿವ್, ವೆಕ್ಟರನ್ನ ಎರಡು ಭಾಗ ಮಾಡೋದು, ಇಷ್ಟನ್ನೇ ಕಲಿ. ಖಾನ್ ಅಕಾಡೆಮಿಲಿ ಇವೆಲ್ಲ ಫ್ರೀ ಸಿಗುತ್ತೆ, ಪಾಠದ ಜೊತೆ ಅಭ್ಯಾಸದ ಲೆಕ್ಕನೂ ಇರುತ್ತೆ, ಆ ಲೆಕ್ಕ ಮಾಡದೆ ಮುಂದಿನ ವಿಡಿಯೋಗೆ ಹೋಗ್ಬೇಡ.

ಒಂದು ಲೆಕ್ಕ ಮಾಡೇ ತೋರಿಸ್ತೀನಿ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದು ಕಲ್ಲನ್ನ ನೆಲದಿಂದ ನೇರ ಮೇಲಕ್ಕೆ ಎಸೀತೀವಿ, ಗುರುತ್ವದ ವೇಗೋತ್ಕರ್ಷ 10 ಅಂತ ಇಟ್ಕೊ, ಕಲ್ಲು 15 ಮೀಟರ್ ಎತ್ತರದಲ್ಲಿ ಇರೋದು ಯಾವಾಗ? ಸಮಯಕ್ಕೆ ಟಿ ಅಂದ್ರೆ, ಎತ್ತರ = ಮೊದಲಿನ ವೇಗ × ಟಿ − ½ × 10 × ಟಿ², ಅಂದ್ರೆ 15 = 20ಟಿ − 5ಟಿ², ಸರಿಮಾಡಿದ್ರೆ ಟಿ² − 4ಟಿ + 3 = 0. ನೀನು ಹತ್ತನೇ ಕ್ಲಾಸಲ್ಲಿ ಮಾಡಿದ ವರ್ಗಸಮೀಕರಣವೇ ಇದು. ಉತ್ತರ 1 ಮತ್ತು 3. ಇಲ್ಲೇ ಬಹಳ ಮಕ್ಕಳು ಗಾಬರಿಯಾಗಿ ಒಂದನ್ನ ಹೊಡೆದು ಹಾಕ್ತಾರೆ. ಹೊಡೀಬೇಡ, ಎರಡೂ ಸರಿ. ಮೇಲೆ ಹೋಗ್ವಾಗ 1 ಸೆಕೆಂಡಿಗೆ ಆ ಎತ್ತರ ದಾಟುತ್ತೆ, ಕೆಳಗೆ ಬರ್ವಾಗ 3 ಸೆಕೆಂಡಿಗೆ ಇನ್ನೊಂದ್ಸಲ ದಾಟುತ್ತೆ. ಈಗ ನೀನೇ ಲೆಕ್ಕ ಬದಲಾಯಿಸು, 15 ಬದ್ಲು 25 ಮೀಟರ್ ಅಂತ ಹಾಕು. ಟಿ² − 4ಟಿ + 5 = 0 ಬರುತ್ತೆ, ಶೋಧಕ (b² − 4ac) 16 − 20, ಅಂದ್ರೆ ಮೈನಸ್ 4, ನಿಜವಾದ ಉತ್ತರವೇ ಇಲ್ಲ. ಯಾಕಂದ್ರೆ ಆ ಕಲ್ಲು 20 ಮೀಟರಿಗಿಂತ ಮೇಲೆ ಹೋಗೋದೇ ಇಲ್ಲ! 20 ಅಂತ ಹಾಕಿದ್ರೆ ಶೋಧಕ ಸೊನ್ನೆ, ಒಂದೇ ಉತ್ತರ, ಅದೇ ತುದಿ. ಎಸ್ಸೆಸ್ಸೆಲ್ಸಿಲಿ ಬಾಯಿಪಾಠ ಮಾಡಿದ ಶೋಧಕ ಇಲ್ಲಿ ಕಲ್ಲು ಅಷ್ಟು ಎತ್ತರ ಮುಟ್ಟುತ್ತಾ ಇಲ್ವಾ ಅಂತ ಹೇಳ್ತಿದೆ ನೋಡು, ನನಗಂತೂ ಇದನ್ನ ಎಷ್ಟು ಸಲ ಪಾಠ ಮಾಡಿದ್ರೂ ಖುಷಿ ಕಮ್ಮಿ ಆಗಲ್ಲ. ಹೀಗೆ ಒಂದೇ ಲೆಕ್ಕವನ್ನ ಮೂರು ಥರ ತಿರುಗಿಸಿ ಮಾಡೋದು ಹತ್ತು ವಿಡಿಯೋ ನೋಡೋದಕ್ಕಿಂತ ಮೇಲು. ಅಮೆರಿಕದ ಕೊಲೊರಾಡೊ ಯೂನಿವರ್ಸಿಟಿಯವರ ಫೆಟ್ (PhET) ಸಿಮ್ಯುಲೇಶನ್, ಅಂದ್ರೆ ಪರದೆ ಮೇಲೇ ಮಾಡೋ ಪ್ರಯೋಗ, ಫೋನಲ್ಲೇ ಓಡುತ್ತೆ, ಅದೂ ಫ್ರೀ, ಅಲ್ಲಿ ಗುಂಡು ಹಾರಿಸಿ ನಿನ್ನ ಉತ್ತರ ಸರಿನಾ ನೋಡ್ಕೋಬಹುದು.

ಡೌಟ್ ಬಂದಾಗ ಆನ್‌ಲೈನಲ್ಲಿ ಕೇಳೋಕೆ ನಾಚಿಕೆ ಬೇಡ, ಆದ್ರೆ ಲೆಕ್ಕದ ಫೋಟೋ ಹಾಕಿ "ಪ್ಲೀಸ್ ಸಾಲ್ವ್" ಅಂತ ಬರೀಬೇಡ. ಫಿಸಿಕ್ಸ್ ಸ್ಟಾಕ್ ಎಕ್ಸ್‌ಚೇಂಜ್ ಥರದ ಪ್ರಶ್ನೋತ್ತರ ವೆಬ್‌ಸೈಟಲ್ಲಿ ಅಂಥ ಪ್ರಶ್ನೆಯನ್ನ ಮುಚ್ಚೇ ಬಿಡ್ತಾರೆ. ಏನು ಕೊಟ್ಟಿದಾರೆ, ನಾನು ಏನು ಮಾಡ್ದೆ, ಯಾವ ಸಾಲಲ್ಲಿ ನಿಂತೆ, ಈ ಮೂರು ಬರಿ. ಇಂಗ್ಲಿಷ್ ತಪ್ಪಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಕಾಲೇಜಿನ ಲೆಕ್ಚರರ್ ಹತ್ರನೂ ಹೀಗೇ ಹೋಗಿ ಕೇಳು, ಇಂಥ ಸಾಲಲ್ಲಿ ನಿಂತೆ ಸರ್ ಅಂತ ಕೇಳೋ ಸ್ಟೂಡೆಂಟಿಗೆ ಹೇಳ್ಕೊಡೋಕೆ ಯಾವ ಮೇಷ್ಟ್ರಿಗೂ ಇಷ್ಟವೇ.

ಪ್ರಶ್ನೆ: ನನಗೆ ವಯಸ್ಸು 41, ಬಿಕಾಂ ಓದಿ ಹುಬ್ಬಳ್ಳಿಲಿ ಅಕೌಂಟ್ಸ್ ಕೆಲಸ ಮಾಡ್ತೀನಿ. ಕ್ವಾಂಟಮ್ ಫಿಸಿಕ್ಸ್ ಬಗ್ಗೆ ಬಹಳ ವಿಡಿಯೋ ನೋಡಿದೀನಿ, ಬರೀ ಕಥೆ ಕೇಳಿ ಸಾಕಾಗಿದೆ, ನಿಜವಾಗ್ಲೂ ಕಲೀಬೇಕು. ಈ ವಯಸ್ಸಲ್ಲಿ ಆಗುತ್ತಾ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಖಂಡಿತ ಆಗುತ್ತೆ ಸರ್. ನಿಮಗೆ ಎಕ್ಸಾಮ್ ಗಡಿಬಿಡಿ ಇಲ್ಲ, ಅದೇ ದೊಡ್ಡ ಅನುಕೂಲ. ಮೇಲಾಗಿ ಅಕೌಂಟ್ಸ್ ಮಾಡೋರಿಗೆ ಅರ್ಧ ಗಣಿತ ಕೈಯಲ್ಲೇ ಇರುತ್ತೆ. ಮಶಿನಿಗೆ ಡಬ್ಲ್ಯುಡಿವಿ ಪ್ರಕಾರ, ಅಂದ್ರೆ ಪ್ರತಿ ವರ್ಷ ಉಳಿದ ಬೆಲೆ ಮೇಲೆ, 15% ಡೆಪ್ರಿಸಿಯೇಶನ್ (ಸವಕಳಿ) ಹಾಕ್ತೀರಲ್ಲ, 1,00,000 ಇದ್ದದ್ದು 85,000, ಆಮೇಲೆ 72,250, ನಾಲ್ಕು ವರ್ಷ ಚಿಲ್ಲರೆಗೆ ಅರ್ಧ, ಅಷ್ಟೇ ಸಮಯ ಇನ್ನೊಂದ್ಸಲ ಕಳೆದ್ರೆ ಕಾಲು. ರೇಡಿಯೋ ಆಕ್ಟಿವ್ ವಸ್ತು ಕರಗೋದೂ ಇದೇ ಲೆಕ್ಕ, ಅರ್ಧ ಆಗೋಕೆ ಹಿಡಿಯೋ ಸಮಯವನ್ನೇ ಹಾಫ್ ಲೈಫ್ ಅಂತಾರೆ. ಕ್ಯಾಲ್ಕುಲಸ್ಸಲ್ಲಿ ಎಲ್ಲ ಕಡೆ ಬರೋ 2.718 ಅನ್ನೋ ಸಂಖ್ಯೆ ಹದಿನೇಳನೇ ಶತಮಾನದಲ್ಲಿ ಜೇಕಬ್ ಬರ್ನೂಲಿ ಅನ್ನೋ ಗಣಿತಜ್ಞರಿಗೆ ಎದುರಾಗಿದ್ದೇ ಚಕ್ರಬಡ್ಡಿ ಲೆಕ್ಕದಲ್ಲಿ. 1 ರೂಪಾಯಿಗೆ ವರ್ಷಕ್ಕೆ 100% ಬಡ್ಡಿ, ವರ್ಷಕ್ಕೊಮ್ಮೆ ಸೇರಿಸಿದ್ರೆ 2, ತಿಂಗಳು ತಿಂಗಳು ಸೇರಿಸಿದ್ರೆ 2.613, ದಿನಾ ಸೇರಿಸಿದ್ರೆ 2.7146, ಕ್ಷಣ ಕ್ಷಣಕ್ಕೂ ಸೇರಿಸಿದ್ರೂ 2.718 ಚಿಲ್ಲರೆ ದಾಟಲ್ಲ. ಇವತ್ತು ರಾತ್ರಿ ಎಕ್ಸೆಲ್ ಶೀಟಲ್ಲಿ ಹಾಕಿ ನೋಡಿ, ನಿಮ್ಮ ಮೊದಲನೇ ಪಾಠ ಅದೇ.

ಆಮೇಲೆ ಕ್ಯಾಲ್ಕುಲಸ್ಸಿಗೆ ಗ್ರಾಂಟ್ ಸ್ಯಾಂಡರ್ಸನ್ ಅವರ ತ್ರೀ ಬ್ಲೂ ಒನ್ ಬ್ರೌನ್ (3Blue1Brown) ಯೂಟ್ಯೂಬ್ ಚಾನೆಲ್ಲಿನ ಸರಣಿ ನೋಡಿ, ಚಿತ್ರದಲ್ಲೇ ವಿಷಯ ಕೂರಿಸ್ತಾರೆ, ಆದ್ರೆ ಜೊತೆಗೆ ಪಿಯು ಪುಸ್ತಕದ ಲೆಕ್ಕ ಮಾಡ್ಲೇಬೇಕು, ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಫ್ರೀ ಇದೆ. ಅದು ಕೈಗೆ ಬಂದ್ಮೇಲೆ ಮೆಕ್ಯಾನಿಕ್ಸ್, ಅಲೆಗಳು, ಸ್ವಲ್ಪ ಲೀನಿಯರ್ ಆಲ್ಜಿಬ್ರಾ (ವೆಕ್ಟರ್, ಮ್ಯಾಟ್ರಿಕ್ಸಿನ ಗಣಿತ). ನ್ಯೂಟನ್ ಬಿಟ್ಟು ನೇರ ಕ್ವಾಂಟಮ್ಮಿಗೆ ಹಾರೋ ಆಸೆ ಎಲ್ಲರಿಗೂ ಇರುತ್ತೆ, ದಯವಿಟ್ಟು ಬೇಡ, ಎನರ್ಜಿ ಮೊಮೆಂಟಮ್ ಗೊತ್ತಿಲ್ದೆ ಅಲ್ಲಿ ಏನು ಹೊಸದು ಅಂತಾನೇ ಗೊತ್ತಾಗಲ್ಲ. ಮೊದಲನೇ ಗುರಿ ಒಂದು ಚಿಕ್ಕ ಪೆಟ್ಟಿಗೆಯೊಳಗೆ ಸಿಕ್ಕಾಕೊಂಡ ಕಣದ ಲೆಕ್ಕ ಇರ್ಲಿ. ಅದಕ್ಕೆ ಸೈನ್ ಫಂಕ್ಷನ್ನಿನ ಎರಡನೇ ಡೆರಿವೇಟಿವ್, ಗೋಡೆ ಹತ್ರ ಅಲೆ ಸೊನ್ನೆ ಆಗ್ಬೇಕು ಅನ್ನೋ ಷರತ್ತು, ಇಷ್ಟು ಗೊತ್ತಿದ್ರೆ ಸಾಕು, ಎನರ್ಜಿ ಯಾಕೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತೆ ಅಂತ ನೀವೇ ಪೇಪರ್ ಮೇಲೆ ತೆಗೀತೀರಿ. ಮುಂದಕ್ಕೆ ಐಐಟಿಗಳ ಆನ್‌ಲೈನ್ ಪಾಠಗಳಿರೋ ಎನ್‌ಪಿಟೆಲ್‌ನಲ್ಲಿ ಐಐಟಿ ಮದ್ರಾಸಿನ ಪ್ರೊಫೆಸರ್ ವಿ. ಬಾಲಕೃಷ್ಣನ್ ಅವರ ಕ್ವಾಂಟಮ್ ಫಿಸಿಕ್ಸ್ ಪಾಠಗಳಿವೆ, ಬೋರ್ಡ್ ಮುಂದೆ ನಿಂತು ಅವರು ಯೋಚನೆ ಮಾಡೋ ರೀತಿ ನೋಡೋದೇ ಒಂದು ಭಾಗ್ಯ. ಆದ್ರೆ ಅವು ಕಷ್ಟ, ಅವಸರ ಮಾಡ್ಬೇಡಿ. ದಿನಾ ಮುಕ್ಕಾಲು ಗಂಟೆ ಕೂತ್ರೂ ಇದಕ್ಕೆಲ್ಲ ಒಂದೂವರೆ ಎರಡು ವರ್ಷ ಹಿಡಿಯುತ್ತೆ ಅಂತ ಮನಸಲ್ಲಿಟ್ಕೊಳಿ.

ಪ್ರಶ್ನೆ: ನನ್ನ ಮಗ ಹೋಮ್‌ವರ್ಕನ್ನೆಲ್ಲ ಎಐ ಆಪಿಗೆ ಕೇಳಿ ಉತ್ತರ ಬರ್ಕೊಂಡು ಹೋಗ್ತಾನೆ. ಫೋನ್ ಕಿತ್ಕೊಬೇಕಾ?

ಉತ್ತರ: ಕಿತ್ಕೊಂಡ್ರೆ ಫ್ರೆಂಡ್ ಫೋನಲ್ಲಿ ಮಾಡ್ತಾನಮ್ಮ. ಕೇಳೋ ಪ್ರಶ್ನೆ ಬದಲಾಯಿಸೋಕೆ ಹೇಳಿ. ಮೊದಲು ಅವನೇ ಮಾಡ್ಲಿ, ಆಮೇಲೆ ತಾನು ಬರೆದದ್ದನ್ನ ಹಾಕಿ "ಯಾವ ಸಾಲು ತಪ್ಪು ಅಂತ ಮಾತ್ರ ಹೇಳು, ಉತ್ತರ ಹೇಳ್ಬೇಡ" ಅಂತ ಕೇಳ್ಲಿ. ಈ ಆಪ್‌ಗಳು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳ್ತವೆ, ಹಾಗಾಗಿ ಬಂದ ಉತ್ತರವನ್ನ ಪರೀಕ್ಷೆ ಮಾಡೋದನ್ನೂ ಅವನು ಕಲೀಬೇಕು. ಉದಾಹರಣೆಗೆ ನುಣುಪಾದ ಇಳಿಜಾರಲ್ಲಿ ಜಾರೋ ವಸ್ತುವಿನ ವೇಗೋತ್ಕರ್ಷ ಜಿ ಸೈನ್ ಥೀಟಾನಾ, ಜಿ ಕಾಸ್ ಥೀಟಾನಾ? (ಜಿ ಅಂದ್ರೆ ಗುರುತ್ವದ ವೇಗೋತ್ಕರ್ಷ, ಥೀಟಾ ಅಂದ್ರೆ ಇಳಿಜಾರಿನ ಕೋನ.) ಹಲಗೆಯನ್ನ ನೆಲದ ಮೇಲೆ ಚಪ್ಪಟೆ ಇಟ್ರೆ ವಸ್ತು ಜಾರಬಾರ್ದು, ನೆಟ್ಟಗೆ ನಿಲ್ಲಿಸಿದ್ರೆ ಸುಮ್ಮನೆ ಕೆಳಗೆ ಬೀಳ್ಬೇಕು. ಕೋನ ಸೊನ್ನೆ ಹಾಕಿದ್ರೆ ಸೈನ್ ಸೊನ್ನೆ, 90 ಡಿಗ್ರಿ ಹಾಕಿದ್ರೆ 1, ಸರಿಹೋಯ್ತು. ಕಾಸ್ ಅಂದಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಇದಕ್ಕೆ ನಿಮಗೆ ಫಿಸಿಕ್ಸ್ ಗೊತ್ತಿರ್ಬೇಕು ಅಂತೇನಿಲ್ಲ, ವಾರಕ್ಕೆ ಒಂದಿನ ಪಕ್ಕ ಕೂತು "ಹಲಗೆ ಚಪ್ಪಟೆ ಇಟ್ರೆ ಏನಾಗುತ್ತಪ್ಪ" ಅಂತ ಕೇಳಿ, ಉತ್ತರ ಅವನೇ ಹುಡುಕ್ಲಿ.