ಟೆಸ್ಟ್ ಕೇಸ್ ತಯಾರಿಸಲು ಯಾವ ವಿಧಾನ ಮೇಲು?

ಪ್ರಶ್ನೆ: ಸಹಕಾರ ಸಂಘಗಳ ಚಿನ್ನದ ಸಾಲಕ್ಕೆ ಬಡ್ಡಿ ಲೆಕ್ಕ ಹಾಕುವ ತಂತ್ರಾಂಶವನ್ನು ನಮ್ಮ ಸಣ್ಣ ಸಂಸ್ಥೆ ತಯಾರಿಸುತ್ತದೆ. ನಾನು ಅಲ್ಲಿ ಟೆಸ್ಟರ್. ಇನ್ನು ಮುಂದೆ ಕೈಯಲ್ಲಿ ಟೆಸ್ಟ್ ಕೇಸ್ (ಯಾವ ಮಾಹಿತಿ ಕೊಟ್ಟರೆ ಯಾವ ಉತ್ತರ ಬರಬೇಕು ಎಂಬ ಪರೀಕ್ಷೆ) ಬರೆಯುವುದು ಬೇಡ, ಕೋಡ್ ಓದಿ ತಾನೇ ತಯಾರಿಸುವ ಸಾಧನವೊಂದೇ ಸಾಕು ಎನ್ನುತ್ತಾರೆ ನಮ್ಮ ಮುಖ್ಯಸ್ಥರು. ಅದರ ಕವರೇಜ್ ಶೇ 95 ಇದೆ. ಬೌಂಡರಿ, ಪೇರ್‌ವೈಸ್, ರ‍್ಯಾಂಡಮ್ ವಿಧಾನಗಳನ್ನು ಬಿಟ್ಟುಬಿಡಬಹುದೇ, ಮೇಡಂ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಿಡಬೇಡಿ. ಕವರೇಜ್ ಹೇಳುವುದು ಕೋಡಿನ ಎಷ್ಟು ಭಾಗ ಓಡಿತು ಎಂಬುದನ್ನು ಮಾತ್ರ. ಓಡಿದ ಸಾಲು ಕೊಟ್ಟ ಉತ್ತರ ಸರಿಯೇ ಎಂದು ಅದು ಕೇಳುವುದಿಲ್ಲ. ಇವೋಸೂಟ್‌ನಂಥ ಟೆಸ್ಟ್ ತಯಾರಿಸುವ ಸಾಧನಗಳು ಇಂದಿನ ಕೋಡ್ ಏನು ಉತ್ತರ ಕೊಡುತ್ತದೆಯೋ ಅದನ್ನೇ ನಿರೀಕ್ಷಿತ ಉತ್ತರವೆಂದು ಬರೆದಿಡುತ್ತವೆ. ಬಡ್ಡಿಯ ಸೂತ್ರವೇ ತಪ್ಪಾಗಿದ್ದರೆ ಆ ತಪ್ಪು ಬಡ್ಡಿಯೂ ಪಾಸಾಗುತ್ತದೆ. ನಾಳೆ ಕೋಡ್ ಬದಲಿಸಿದಾಗ ಹಳೆಯ ಲೆಕ್ಕ ಕೆಟ್ಟಿತೇ ಎಂದು ನೋಡಲು ಇವು ಬಹಳ ಉಪಯುಕ್ತ, ಅದಕ್ಕಾಗಿ ಖಂಡಿತ ಇಟ್ಟುಕೊಳ್ಳಿ. ಆದರೆ ಮನೆಯ ಒಡವೆ ಅಡವಿಟ್ಟವರಿಂದ ಇವತ್ತು ಹೆಚ್ಚು ಹಣ ವಸೂಲಾಗುತ್ತಿದೆಯೇ ಎಂಬುದು ಇವುಗಳಿಂದ ತಿಳಿಯದು. ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಅದೇ.

ಒಂದು ಲಕ್ಷ ರೂಪಾಯಿಯವರೆಗೆ ಒಂದು ಬಡ್ಡಿ ದರ, ಅದನ್ನು ಮೀರಿದರೆ ಇನ್ನೊಂದು ಎಂದುಕೊಳ್ಳಿ. ಹೋಲಿಕೆಯಲ್ಲಿ ಸಮ ಚಿಹ್ನೆಯೊಂದು ಬಿಟ್ಟುಹೋದರೆ ಲೆಕ್ಕ ತಪ್ಪುವುದು 1,00,000 ಎಂಬ ಒಂದೇ ಮೊತ್ತಕ್ಕೆ. 1ರಿಂದ 10 ಲಕ್ಷದವರೆಗಿನ ಪೂರ್ಣಾಂಕಗಳಲ್ಲಿ ರ‍್ಯಾಂಡಮ್ ಆಗಿ ಆರಿಸಿದರೆ ಅದು ಸಿಗುವ ಸಂಭವ ಪ್ರತಿ ಸಲವೂ ಹತ್ತು ಲಕ್ಷಕ್ಕೆ ಒಂದು. ಮಿತಿಯನ್ನೂ ಅದರ ಆಚೀಚೆಯ ಮೊತ್ತಗಳನ್ನೂ ಪರೀಕ್ಷಿಸುವ ಬೌಂಡರಿ ವಿಧಾನದಲ್ಲಿ 99,999, 1,00,000, 1,00,001 ಎಂಬ ಮೂರೇ ಟೆಸ್ಟ್ ಸಾಕು. ಸಾಲಕ್ಕೆ ಬರುವವರು ಕೇಳುವುದು ದುಂಡು ಮೊತ್ತವನ್ನೇ ಆದ್ದರಿಂದ ಈ ಒಂದು ತಪ್ಪು ಎಷ್ಟು ಮನೆಗಳನ್ನು ಮುಟ್ಟೀತು ಎಂದು ಯೋಚಿಸಿ.

ಪೇರ್‌ವೈಸ್‌ನ ಕೆಲಸ ಬೇರೆ. ಗ್ರಾಹಕರ ವರ್ಗ, ಸಾಲದ ಅವಧಿ, ಮರುಪಾವತಿಯ ಕ್ರಮ, ರಸೀದಿಯ ಭಾಷೆ – ಒಂದೊಂದಕ್ಕೂ ಮೂರು ಆಯ್ಕೆಗಳಿದ್ದರೆ ಒಟ್ಟು 81 ಜೋಡಣೆಗಳಾಗುತ್ತವೆ. ಯಾವುದೇ ಎರಡು ಅಂಶಗಳ ಪ್ರತಿಯೊಂದು ಜೋಡಿಯೂ ಒಮ್ಮೆಯಾದರೂ ಬರಲು 9 ಟೆಸ್ಟ್ ಸಾಕು. ಇದರ ಹಿಂದಿರುವ, ಜೋಡಿಗಳನ್ನು ಸಮನಾಗಿ ಹಂಚುವ ಆರ್ಥಾಗನಲ್ ಅರೇ ಎಂಬ ಕೋಷ್ಟಕಗಳನ್ನು 1940ರ ದಶಕದಲ್ಲಿ ರೂಪಿಸಿದವರು ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ನಮ್ಮ ಟೆಸ್ಟಿಂಗ್ ತರಬೇತಿಗಳಲ್ಲಿ ಅವರ ಹೆಸರು ಇನ್ನೂ ಹೆಚ್ಚು ಕೇಳಿಬರಬೇಕು. ಮೂರು ಅಂಶಗಳು ಒಟ್ಟಿಗೆ ಸೇರಿದಾಗ ಮಾತ್ರ ಕಾಣಿಸುವ ಬಗ್ ಈ 9ರಿಂದ ತಪ್ಪಿಸಿಕೊಳ್ಳಬಹುದು. ಬಡ್ಡಿಯನ್ನು ನೇರವಾಗಿ ಬದಲಿಸುವ ಅಂಶಗಳಿಗೆ ತ್ರಿವಳಿ ಜೋಡಣೆಗಳನ್ನೂ ಸೇರಿಸಿ.

ರ‍್ಯಾಂಡಮ್ ವಿಧಾನವನ್ನೂ ಕಡೆಗಣಿಸಬೇಡಿ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ತಮ್ಮ ವಿದ್ಯಾರ್ಥಿಗಳಿಂದ ಯುನಿಕ್ಸ್ ಪ್ರೋಗ್ರಾಂಗಳಿಗೆ ಅರ್ಥವಿಲ್ಲದ ಅಕ್ಷರಗಳನ್ನು ಉಣಿಸಿ ನೋಡಿದಾಗ ಕಾಲುಭಾಗದಷ್ಟು ಕುಸಿದವು ಇಲ್ಲವೇ ಸ್ತಬ್ಧವಾದವು. ಫಝಿಂಗ್ ಹುಟ್ಟಿದ್ದು ಹೀಗೆ. ಹೊರಗಿನಿಂದ ಕಡತ ಓದಿಕೊಳ್ಳುವ ಭಾಗಕ್ಕೆ ಇದನ್ನು ಹಚ್ಚಿ. ಬಡ್ಡಿಯ ಭಾಗಕ್ಕೂ ಬಳಸಬಹುದು, ಆದರೆ ಜೊತೆಗೊಂದು ನಿಯಮ ಕೊಡಬೇಕು: ಅಸಲು, ದರ ಬದಲಾಗದೆ ಅವಧಿ ಮಾತ್ರ ಹೆಚ್ಚಿದರೆ ಬಡ್ಡಿ ಕಡಿಮೆಯಾಗಕೂಡದು. ಆಗ ಪ್ರತಿ ಟೆಸ್ಟ್‌ಗೂ ಸರಿಯುತ್ತರ ಬರೆಯದೆಯೇ ಸಾವಿರಾರು ಟೆಸ್ಟ್ ಓಡಿಸಬಹುದು.

ಮುಖ್ಯಸ್ಥರನ್ನು ಒಪ್ಪಿಸಲು ವಾದಕ್ಕಿಂತ ಪ್ರಯೋಗ ಒಳ್ಳೆಯದು. ಕೋಡಿನ ಒಂದು ನಕಲನ್ನು ತೆಗೆದುಕೊಂಡು ಬೇಕೆಂದೇ ತಪ್ಪುಗಳನ್ನು ನೆಡಿ: ಕೂಡುವಲ್ಲಿ ಕಳೆಯಿರಿ, ಸಮ ಚಿಹ್ನೆ ತೆಗೆಯಿರಿ. ಒಂದು ಸಲಕ್ಕೆ ಒಂದೇ ತಪ್ಪು ಇರಲಿ. 1978ರಲ್ಲಿ ಡಿಮಿಲ್ಲೊ, ಲಿಪ್ಟನ್, ಸೇವರ್ಡ್ ಎಂಬ ಸಂಶೋಧಕರು ಮಂಡಿಸಿದ ಮ್ಯುಟೇಶನ್ ಟೆಸ್ಟಿಂಗ್ ಇದು. ಕೋಡ್ ಜಾವಾ ಭಾಷೆಯಲ್ಲಿದ್ದರೆ ಪಿಟ್ ಎಂಬ ಸಾಧನ ಈ ಕೆಲಸವನ್ನು ತಾನೇ ಮಾಡುತ್ತದೆ. ನಿಮ್ಮ ದೂರಿನ ಪುಸ್ತಕದಲ್ಲಿರುವ ಹಳೆಯ ಬಗ್‌ಗಳನ್ನೂ ಮರಳಿ ಸೇರಿಸಿ. ಅವು ನಿಮ್ಮ ತಂಡದವರು ನಿಜವಾಗಿ ಮಾಡುವ ತಪ್ಪುಗಳು. ಎಲ್ಲ ವಿಧಾನಗಳಿಗೂ ಸಮನಾದ ಸಮಯ ಕೊಟ್ಟು, ಯಾವುದು ಯಾವ ತಪ್ಪನ್ನು ಹಿಡಿಯಿತು ಎಂದು ಪಟ್ಟಿ ಮಾಡಿ. ರ‍್ಯಾಂಡಮ್ ಫಲಿತಾಂಶ ಸಲದಿಂದ ಸಲಕ್ಕೆ ಬದಲಾಗುವುದರಿಂದ ಅದನ್ನು ಹಲವು ಸಲ ಓಡಿಸಿಯೇ ತೀರ್ಮಾನಿಸಿ. ಬೌಂಡರಿ ಮತ್ತು ಪೇರ್‌ವೈಸ್ ಟೆಸ್ಟ್‌ಗಳ ನಿರೀಕ್ಷಿತ ಬಡ್ಡಿಯನ್ನು ಮಾತ್ರ ಕೋಡಿನಿಂದ ನಕಲು ಮಾಡದೆ, ಸಂಘದ ಬೈಲಾ ಮತ್ತು ದರಪಟ್ಟಿ ಎದುರಿಗಿಟ್ಟುಕೊಂಡು ಅಲ್ಲಿನ ಲೆಕ್ಕಿಗರಿಂದಲೇ ಬರೆಸಿಕೊಳ್ಳಿ.